ತಗಡು ಕೆಲಸಗಾರನ ಲೆಕ್ಕ: ಕಿಲೋ ದರದ ಹಿಂದೆ ಮರೆಯಾಗುವ ವೆಚ್ಚ

ನಮ್ಮ ಸದಸ್ಯ ಉದ್ದಿಮೆದಾರರಲ್ಲಿ ಅನೇಕರು ತಗಡಿನ ಕೆಲಸವನ್ನೇ ನೆಚ್ಚಿಕೊಂಡವರು. ವಿದ್ಯುತ್ ನಿಯಂತ್ರಣ ಫಲಕಗಳ ಪೆಟ್ಟಿಗೆ, ಹವಾನಿಯಂತ್ರಣದ ಗಾಳಿಕೊಳವೆ, ಕಚೇರಿಯ ಕಪಾಟು, ಕೃಷಿ ಯಂತ್ರಗಳ ಹೊದಿಕೆ, ಧಾನ್ಯದ ಡಬ್ಬಿ ಇತ್ಯಾದಿ ಪದಾರ್ಥಗಳು ಪೀಣ್ಯದಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ ದಿನನಿತ್ಯ ತಯಾರಾಗುತ್ತಿವೆ. ಲೆಕ್ಕ ಪರಿಶೋಧನೆಯ ನಿಮಿತ್ತ ಇಂತಹ ಹಲವು ಘಟಕಗಳ ಲೆಕ್ಕಪತ್ರಗಳನ್ನು ನೋಡುವ ಅವಕಾಶ ನನಗೆ ದೊರೆತಿದೆ. ಬಹುಪಾಲು ಕಡೆ ಕಂಡುಬಂದ ಒಂದು ಸಮಾನ ಅಂಶವೆಂದರೆ, ಬೆಲೆಪಟ್ಟಿಯನ್ನು ಕಿಲೋ ಲೆಕ್ಕದಲ್ಲಿ ಕೊಡುವ ರೂಢಿ. ‘ಸಿ.ಆರ್. ತಗಡಿನ ಕೆಲಸ, ಕಿಲೋಗೆ ಇಷ್ಟು’ ಎಂದು ಒಂದೇ ಸಾಲಿನಲ್ಲಿ ವ್ಯವಹಾರ ಮುಗಿಯುತ್ತದೆ. ಈ ರೂಢಿಯಿಂದ ಯಾರಿಗೆ ನಷ್ಟ, ಎಲ್ಲಿ ನಷ್ಟ ಎಂಬುದನ್ನು ತಗಡು ಕೆಲಸಗಾರನು ನಿಜವಾಗಿ ಏನು ಮಾಡುತ್ತಾನೆ ಎಂಬುದರಿಂದಲೇ ಆರಂಭಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಪ್ರಸಂಗ. ಕೆಲವು ವರ್ಷಗಳ ಹಿಂದೆ ಫಲಕಪೆಟ್ಟಿಗೆ ತಯಾರಿಸುವ ಒಂದು ಸಣ್ಣ ಘಟಕದ ಲೆಕ್ಕ ಪರಿಶೋಧನೆಯಲ್ಲಿದ್ದೆ. ‘ಇತರ ಆದಾಯ’ ಶೀರ್ಷಿಕೆಯಡಿ ಗುಜರಿ ಮಾರಾಟದ ಮೊತ್ತ ಹಿಂದಿನ ವರ್ಷಕ್ಕಿಂತ ಗಣನೀಯವಾಗಿ ಏರಿತ್ತು. ಮಾಲೀಕರು ಸಂತೋಷದಿಂದ, “ಈ ವರ್ಷ ಗುಜರಿಯಲ್ಲೇ ಶೆಡ್ಡಿನ ಬಾಡಿಗೆ ಹುಟ್ಟಿತು ನೋಡಿ” ಎಂದರು. ನಾನೂ ನಕ್ಕು ಸುಮ್ಮನಾದೆ. ಅದು ನನ್ನ ತಪ್ಪು. ಮರುವರ್ಷ ಒಟ್ಟು ಲಾಭದ ಪ್ರಮಾಣ ಮತ್ತಷ್ಟು ಕುಸಿದಾಗ ತೂಕದ ಚೀಟಿಗಳನ್ನೆಲ್ಲ ತರಿಸಿ ಕೂಡಿದೆವು. ಕೊಂಡ ತಗಡಿನ 100 ಕಿಲೋಗೆ ಮೊದಲು 11 ಕಿಲೋ ಗುಜರಿ ಹೋಗುತ್ತಿದ್ದುದು 19ಕ್ಕೆ ಏರಿತ್ತು. ಅಂದರೆ ಗುಜರಿಯ ಆದಾಯವೆಂದು ನಾವು ಜಮಾ ಮಾಡುತ್ತಿದ್ದುದು ಪೂರ್ಣ ಬೆಲೆ ತೆತ್ತು ತಂದು ಅರ್ಧಕ್ಕೂ ಕಡಿಮೆ ಬೆಲೆಗೆ ಮಾರಿದ ಹೊಸ ತಗಡು!

ಕಾರಣ ಹುಡುಕಿದಾಗ ತಿಳಿದದ್ದಿಷ್ಟು. ಅಲ್ಲಿ ಬಹುಕಾಲ ಗುರುತು ಹಾಕುವ ಕೆಲಸ ಮಾಡುತ್ತಿದ್ದ ಹಿರಿಯ ಕೆಲಸಗಾರರೊಬ್ಬರು ತಿಂಗಳಿಗೆ ಎರಡು ಸಾವಿರ ರೂಪಾಯಿ ಹೆಚ್ಚು ಕೇಳಿದ್ದರು. ‘ಗೆರೆ ಎಳೆಯುವವನಿಗೆ ಇಷ್ಟೇಕೆ’ ಎಂದು ಮಾಲೀಕರು ಒಪ್ಪಲಿಲ್ಲ. ಅವರು ಬೇರೆ ಊರಿನ ಗಾಳಿಕೊಳವೆ ತಯಾರಕರಲ್ಲಿಗೆ ಹೊರಟುಹೋದರು. ಅವರೊಂದಿಗೆ ಅವರ ಅಂಗಿಜೇಬಿನಲ್ಲಿದ್ದ ಒಂದು ಚಿಕ್ಕ ಟಿಪ್ಪಣಿ ಪುಸ್ತಕವೂ ಹೋಯಿತು. ಆಸ್ತಿ-ಹೊಣೆ ಪಟ್ಟಿಯಲ್ಲಿ ಆ ಪುಸ್ತಕಕ್ಕೆ ಎಂದೂ ಬೆಲೆ ಇರಲಿಲ್ಲ.

ಆ ಪುಸ್ತಕದಲ್ಲಿ ಏನಿತ್ತೆಂಬುದನ್ನು ವಿವರವಾಗಿ ತಿಳಿಯುವುದು ಅವಶ್ಯ. ತಗಡನ್ನು ಬಾಗಿಸಿದಾಗ ಬಾಗಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ನಡುವೆ ಎಲ್ಲಿಯೋ ಉದ್ದ ಬದಲಾಗದ ಒಂದು ತಟಸ್ಥ ಪದರವಿರುತ್ತದೆ. ಆದ್ದರಿಂದ ನಕ್ಷೆಯಲ್ಲಿ ಕೊಟ್ಟ ಹೊರ ಅಳತೆಗಳನ್ನು ಹಾಗೆಯೇ ಕೂಡಿಸಿ ತಗಡು ಕತ್ತರಿಸಿದರೆ ಸಿದ್ಧವಸ್ತು ದೊಡ್ಡದಾಗುತ್ತದೆ. ಪ್ರತಿ ಬಾಗಿಗೂ ಒಂದಿಷ್ಟು ಕಳೆಯಬೇಕು. ಇದನ್ನೇ ಕೆಲಸಗಾರರು ಬೆಂಡ್ ಡಿಡಕ್ಷನ್ ಎನ್ನುವರು. ಹೀಗೆ ಕಳೆದು ಪಡೆದ ಚಪ್ಪಟೆ ಅಳತೆಗೆ ‘ಡೆವಲಪ್‌ಮೆಂಟ್’ ಎಂದು ಹೆಸರು. 1.6 ಮಿ.ಮೀ. ದಪ್ಪದ ತಗಡನ್ನು ಅಷ್ಟೇ ಒಳತ್ರಿಜ್ಯದಲ್ಲಿ 90 ಡಿಗ್ರಿಗೆ ಬಾಗಿಸಿದರೆ, ತಟಸ್ಥ ಪದರವು ಒಳಮೈಯಿಂದ ದಪ್ಪದ 0.4 ಭಾಗದಲ್ಲಿದೆ ಎಂದು ಹಿಡಿದಲ್ಲಿ, ಪ್ರತಿ ಬಾಗಿಗೆ ಸುಮಾರು 2.9 ಮಿ.ಮೀ. ಕಳೆಯಬೇಕಾಗುತ್ತದೆ.

ಈ 0.4 ಎಂಬುದು ಎಲ್ಲ ಕಡೆಗೂ ಒಂದೇ ಅಲ್ಲ. ತಗಡಿನ ಗಡಸುತನ, ಪ್ರೆಸ್ ಬ್ರೇಕ್ ಯಂತ್ರದ ಅಚ್ಚಿನ ಬಾಯಿಯ ಅಗಲ, ಅಚ್ಚಿನ ಸವೆತ ಇವುಗಳಿಗೆ ತಕ್ಕಂತೆ ಅದು ವ್ಯತ್ಯಾಸವಾಗುತ್ತದೆ. ಅನುಭವಿ ಕೆಲಸಗಾರನು ಸೂತ್ರ ಹಾಕುವುದಿಲ್ಲ. 100 ಮಿ.ಮೀ. ಉದ್ದದ ಒಂದು ಪಟ್ಟಿಯನ್ನು ಕತ್ತರಿಸಿ, ಅದೇ ಅಚ್ಚಿನಲ್ಲಿ ಬಾಗಿಸಿ, ಎರಡೂ ಬದಿಯ ಹೊರ ಅಳತೆಗಳನ್ನು ಕೂಡಿಸುತ್ತಾನೆ. ಮೊತ್ತ 102.9 ಬಂದರೆ ಕಳೆಯಬೇಕಾದದ್ದು 2.9. ಯಾವ ದಪ್ಪಕ್ಕೆ, ಯಾವ ಅಚ್ಚಿಗೆ, ಯಾವ ಕಾರ್ಖಾನೆಯ ತಗಡಿಗೆ ಎಷ್ಟು ಎಂಬುದನ್ನು ಬರೆದಿಟ್ಟುಕೊಳ್ಳುತ್ತಾನೆ. ಜೇಬಿನ ಪುಸ್ತಕದಲ್ಲಿದ್ದುದು ಇದೇ.

‘ಈಗ ಇದನ್ನೆಲ್ಲ ಗಣಕಯಂತ್ರವೇ ಮಾಡುತ್ತದೆಯಲ್ಲ’ ಎಂದು ಕೇಳುವ ಸದಸ್ಯರಿದ್ದಾರೆ. ಮಾಡುತ್ತದೆ, ಸಂದೇಹವಿಲ್ಲ. ಆದರೆ ತಂತ್ರಾಂಶಕ್ಕೆ ಆ ಅಂಕಿಯನ್ನು ಯಾರಾದರೂ ಕೊಡಬೇಕು. ಅದು ತಾನಾಗಿ ಹಿಡಿದುಕೊಂಡಿರುವ ಅಂಕಿ ನಿಮ್ಮ ಶೆಡ್ಡಿನ ಸವೆದ ಅಚ್ಚಿನದಲ್ಲ. ಪಟ್ಟಿ ಬಾಗಿಸಿ ನೋಡುವ ಕೆಲಸ ಆಗಲೂ ಉಳಿಯುತ್ತದೆ.

ಇನ್ನು ಈ ಮೂರು ಮಿಲಿಮೀಟರಿನ ಬೆಲೆ ಎಷ್ಟೆಂದು ನೋಡೋಣ. 500 x 290 ಮಿ.ಮೀ. ಅಳತೆಯ ಒಂದು ಮುಚ್ಚಳ. ನಾಲ್ಕೂ ಕಡೆ 50 ಮಿ.ಮೀ. ಅಂಚು, ಅದರ ತುದಿಯಲ್ಲಿ ಒಳಕ್ಕೆ ತಿರುಗಿದ 16 ಮಿ.ಮೀ. ತುಟಿ. ಹೊರ ಅಳತೆಗಳ ಮೊತ್ತ ಒಂದು ದಿಕ್ಕಿನಲ್ಲಿ 632, ಇನ್ನೊಂದು ದಿಕ್ಕಿನಲ್ಲಿ 422. ಎರಡೂ ದಿಕ್ಕಿನಲ್ಲಿ ನಾಲ್ಕು ನಾಲ್ಕು ಬಾಗುಗಳಿರುವುದರಿಂದ ತಲಾ 11.5 ಮಿ.ಮೀ. ಕಳೆದು ಬರುವ ನಿಜವಾದ ಚಪ್ಪಟೆ ಅಳತೆ 620.5 x 410.5. ಮಾರುಕಟ್ಟೆಯಲ್ಲಿ ದೊರೆಯುವ 2500 x 1250 ಮಿ.ಮೀ. ಹಾಳೆಯಲ್ಲಿ ಉದ್ದಕ್ಕೆ 4, ಅಗಲಕ್ಕೆ 3, ಒಟ್ಟು 12 ತುಂಡುಗಳು ಸರಿಯಾಗಿ ಕೂಡುತ್ತವೆ, ಹಾಳೆಯ ಶೇ. 97ಕ್ಕೂ ಹೆಚ್ಚು ಭಾಗ ಉಪಯೋಗವಾಗುತ್ತದೆ. ಹಿರಿಯರು ಹೋದ ಮೇಲೆ ಬಂದ ಹುಡುಗ ಧೈರ್ಯ ಸಾಲದೆ, ‘ಹೆಚ್ಚಾದರೆ ಆಮೇಲೆ ಅಂಚು ಕತ್ತರಿಸಿದರಾಯಿತು’ ಎಂದು 632 x 422ಕ್ಕೇ ಗುರುತು ಹಾಕುತ್ತಾನೆ. ಆಗ ಉದ್ದಕ್ಕೆ 4 ಬರುವುದಿಲ್ಲ, ಅಗಲಕ್ಕೆ 3 ಬರುವುದಿಲ್ಲ. ಒಂದು ಸಾಲಿನಲ್ಲಿ ಅಡ್ಡಲಾಗಿ 3, ಇನ್ನೊಂದರಲ್ಲಿ ಉದ್ದಲಾಗಿ 5 ಎಂದು ಜಾಣತನದಿಂದ ಹೊಂದಿಸಿದರೂ 8 ತುಂಡು. ಉಳಿದದ್ದು ಗುಜರಿ.

600 ಮುಚ್ಚಳಗಳ ಬೇಡಿಕೆಯಾದರೆ ಮೊದಲ ರೀತಿಯಲ್ಲಿ 50 ಹಾಳೆ, ಎರಡನೆಯದರಲ್ಲಿ 75 ಹಾಳೆ. ಉಕ್ಕಿನ ಸಾಂದ್ರತೆ 7.85 ಎಂದು ತೆಗೆದುಕೊಂಡರೆ 1.6 ಮಿ.ಮೀ. ಹಾಳೆಯೊಂದರ ತೂಕ 39.25 ಕಿಲೋ. 25 ಹಾಳೆಗಳೆಂದರೆ 981 ಕಿಲೋ. ಕೇವಲ ಉದಾಹರಣೆಗಾಗಿ ತಗಡು ಕಿಲೋಗೆ 70 ರೂ., ಗುಜರಿ 30 ರೂ. ಎಂದಿಟ್ಟುಕೊಂಡರೆ, ಗುಜರಿ ಮಾರಿದ ಹಣ ಕಳೆದ ಮೇಲೂ ಆಗುವ ನಷ್ಟ ಸುಮಾರು 39,250 ರೂ. ಹಿರಿಯ ಕೆಲಸಗಾರರು ಕೇಳಿದ್ದು ವರ್ಷಕ್ಕೆ 24,000. ಒಂದೇ ಒಂದು ಬೇಡಿಕೆಯಲ್ಲಿ ಅದಕ್ಕಿಂತ ಹೆಚ್ಚು ಹೊರಟುಹೋಗುತ್ತದೆ.

ಕಿಲೋ ದರದ ರೂಢಿಗೂ ಇದಕ್ಕೂ ಏನು ಸಂಬಂಧ? ನೇರ ಸಂಬಂಧವಿದೆ. ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟುವವನಿಗೆ ತಗಡು ಮಾತ್ರ ಕಾಣುತ್ತದೆ. ಗುರುತು ಹಾಕಿದ ಅರ್ಧ ಗಂಟೆ ತಕ್ಕಡಿಯ ಮೇಲೆ ಕೂರುವುದಿಲ್ಲ. ಹಾಗಾಗಿ ಆ ಕೆಲಸಕ್ಕೆ ಸಂಬಳ ಹೆಚ್ಚಿಸುವುದು ದಂಡವೆಂದೇ ತೋರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಮತ್ತೊಂದಿದೆ.

ಅದನ್ನು ತಿಳಿಯಲು ಗಂಟೆಯ ವೆಚ್ಚವನ್ನು ಮೊದಲು ನಿರ್ಧರಿಸಬೇಕು. ತಿಂಗಳಿಗೆ 20,000 ರೂ. ಸಂಬಳದ ಕೆಲಸಗಾರನ ಗಂಟೆಯ ವೆಚ್ಚವನ್ನು ಅನೇಕರು 26 ದಿನ, 8 ಗಂಟೆ, ಒಟ್ಟು 208 ಗಂಟೆಯಿಂದ ಭಾಗಿಸಿ 96 ರೂ. ಎನ್ನುತ್ತಾರೆ. ಭವಿಷ್ಯ ನಿಧಿ, ವಿಮೆ, ಬೋನಸ್, ಉಪದಾನ, ರಜೆಯ ಸಂಬಳ ಸೇರಿ ಅದು 26,000 ಆಯಿತೆನ್ನೋಣ. ಹಾಳೆ ಹೊರುವುದು, ಅಚ್ಚು ಬದಲಿಸುವುದು, ವಿದ್ಯುತ್ತಿಗಾಗಿ ಕಾಯುವುದು ಕಳೆದರೆ ಬೇಡಿಕೆಗಳಿಗೆ ನೇರವಾಗಿ ಸಲ್ಲುವ ಗಂಟೆಗಳು 150 ಇದ್ದಾವು. ಆಗ ಗಂಟೆಗೆ 173 ರೂ. ಇದರ ಮೇಲೆ ಸಹಾಯಕನ ಕೂಲಿ, ಯಂತ್ರದ ಸವಕಳಿ, ವಿದ್ಯುತ್, ಶೆಡ್ಡಿನ ಬಾಡಿಗೆ ಹಂಚಿದರೆ 400 ರೂ. ಎಂದು ಹಿಡಿಯುವುದು ಅತಿಯಲ್ಲ. ನಿಮ್ಮ ಘಟಕದ ಅಂಕಿಯನ್ನು ನೀವೇ ಹಾಕಿಕೊಳ್ಳಬೇಕು.

ಈಗ ಎರಡು ಬೇಡಿಕೆಗಳು ಬಂದವೆನ್ನಿ. ಎರಡೂ ಸಿದ್ಧವಸ್ತುವಿನ ತೂಕದಲ್ಲಿ 100 ಕಿಲೋ. ಮೊದಲನೆಯದು ತಲಾ 10 ಕಿಲೋದ 10 ದೊಡ್ಡ ತಟ್ಟೆಗಳು, ಒಂದೊಂದಕ್ಕೆ 4 ಬಾಗು. 110 ಕಿಲೋ ತಗಡು ಸಾಕು. 10 ಕಿಲೋ ಗುಜರಿಯ ಬೆಲೆ ಕಳೆದು ಕಚ್ಚಾವಸ್ತು 7,400 ರೂ. ಎಲ್ಲ ಸೇರಿ 5 ಗಂಟೆ ಕೆಲಸ, 2,000 ರೂ. ಒಟ್ಟು 9,400, ಅಂದರೆ ಕಿಲೋಗೆ 94. ಎರಡನೆಯದು ತಲಾ 1 ಕಿಲೋದ 100 ಸ್ವಿಚ್ ಪೆಟ್ಟಿಗೆಗಳು, ಒಂದೊಂದಕ್ಕೆ 8 ಬಾಗು, ಜೊತೆಗೆ ರಂಧ್ರಗಳು. 130 ಕಿಲೋ ತಗಡು ಬೇಕು. 30 ಕಿಲೋ ಗುಜರಿ ಕಳೆದು ಕಚ್ಚಾವಸ್ತು 8,200 ರೂ. ಬಾಗುಗಳೇ 800, ಒಂದಕ್ಕೆ ಅರ್ಧ ನಿಮಿಷವೆಂದರೂ 6 ಗಂಟೆ 40 ನಿಮಿಷ. ಗುರುತು, ಮೊದಲ ಮಾದರಿ, ಕತ್ತರಿಕೆ, ರಂಧ್ರ, ಬೆಸುಗೆ ಸೇರಿ 18 ಗಂಟೆ, 7,200 ರೂ. ಒಟ್ಟು 15,400, ಕಿಲೋಗೆ 154.

ಎರಡಕ್ಕೂ ‘ಕಿಲೋಗೆ 120’ ಎಂದು ದರ ಕೊಟ್ಟ ಉದ್ದಿಮೆದಾರ ಮೊದಲನೆಯದರಲ್ಲಿ 2,600 ಗಳಿಸಿ ಎರಡನೆಯದರಲ್ಲಿ 3,400 ಕಳೆದುಕೊಳ್ಳುತ್ತಾನೆ. ‘ಒಂದಕ್ಕೊಂದು ಸರಿಹೋಗುತ್ತದೆ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಏಕೆಂದರೆ ಮೊದಲ ಬಗೆಯ ಸುಲಭ ಕೆಲಸಕ್ಕೆ ಪಕ್ಕದ ಶೆಡ್ಡಿನವನು 105 ರೂ. ಹೇಳಿ ತೆಗೆದುಕೊಂಡು ಹೋಗುತ್ತಾನೆ. ಎರಡನೆಯ ಬಗೆಯ ಗಿರಾಕಿಗಳೆಲ್ಲ, ಬೇರೆಡೆ 160 ಕೇಳಿದ್ದರಿಂದ, ನಿಮ್ಮಲ್ಲಿಗೇ ಬರುತ್ತಾರೆ. ಶೆಡ್ಡಿನಲ್ಲಿ ಕೆಲಸ ತುಂಬಿ ತುಳುಕುತ್ತದೆ, ಬ್ಯಾಂಕಿನ ಓವರ್‌ಡ್ರಾಫ್ಟ್ ಕೂಡ. ಇಂತಹ ಉದ್ದಿಮೆದಾರರು ವರ್ಷಾಂತ್ಯದಲ್ಲಿ, “ಬಿಡುವಿಲ್ಲದ ಕೆಲಸ, ಆದರೂ ಹಣವೆಲ್ಲಿ ಹೋಯಿತು?” ಎಂದು ನಮ್ಮ ಕಚೇರಿಗೆ ಬರುತ್ತಾರೆ.

ಪರಿಹಾರ ದುಬಾರಿಯದಲ್ಲ. ಪ್ರತಿ ಬೇಡಿಕೆಗೆ ಒಂದು ಕೆಲಸದ ಚೀಟಿ ಇರಲಿ. ಕೊಟ್ಟ ತಗಡಿನ ತೂಕ, ಸಿದ್ಧವಸ್ತುವಿನ ತೂಕ, ಮರುಬಳಕೆಗೆ ಎತ್ತಿಟ್ಟ ತುಂಡುಗಳ ತೂಕ, ಗುಜರಿಯ ತೂಕ, ಬಾಗುಗಳ ಸಂಖ್ಯೆ, ಗುರುತಿಗೆ ಮತ್ತು ಯಂತ್ರಕ್ಕೆ ಹಿಡಿದ ಸಮಯ, ಇಷ್ಟನ್ನು ಕೆಲಸಗಾರನೇ ಸೀಸಕಡ್ಡಿಯಲ್ಲಿ ಬರೆದರೆ ಸಾಕು. ಮೂರು ತಿಂಗಳ ಚೀಟಿಗಳು ಕೈಯಲ್ಲಿದ್ದರೆ ಮುಂದಿನ ಬೆಲೆಪಟ್ಟಿಯನ್ನು ಕಚ್ಚಾವಸ್ತು ಬೇರೆ, ಬಾಗು ಮತ್ತು ಗಂಟೆ ಬೇರೆ ಎಂದು ಕಟ್ಟಬಹುದು. ಗಿರಾಕಿ ಕಿಲೋ ದರವನ್ನೇ ಕೇಳಿದರೆ ಕೊಡಿ, ಅಡ್ಡಿಯಿಲ್ಲ. ಆದರೆ ಅದು ಲೆಕ್ಕದ ಕೊನೆಯಲ್ಲಿ ಹುಟ್ಟಿದ ಅಂಕಿಯಾಗಿರಲಿ. ಅಂತೆಯೇ ದಪ್ಪವನ್ನು ಗೇಜಿನಲ್ಲಿ ಬರೆಯದೆ ಮಿಲಿಮೀಟರಿನಲ್ಲೇ ಬರೆಯಿರಿ. ಬ್ರಿಟಿಷ್ ಪದ್ಧತಿಯ 16 ಗೇಜ್ ಎಂದರೆ 1.63 ಮಿ.ಮೀ.; ಅಮೆರಿಕದ ಉಕ್ಕಿನ ಗೇಜಿನಲ್ಲಿ ಅದೇ ಸಂಖ್ಯೆಗೆ 1.52 ಮಿ.ಮೀ. ತೂಕದಲ್ಲಿ ಶೇ. 6ಕ್ಕೂ ಮೀರಿದ ವ್ಯತ್ಯಾಸವಿದು.

ಲೇಸರ್ ಕತ್ತರಿಕೆಗಾಗಿ ತಗಡನ್ನು ಹೊರಗೆ ಕಳುಹಿಸುವವರು ಇನ್ನೂ ಕೆಲವು ಅಂಶಗಳನ್ನು ಗಮನಿಸಬೇಕು. ಜಿ.ಎಸ್.ಟಿ. ಕಾಯಿದೆ, 2017ರ 143ನೇ ಪ್ರಕರಣದಂತೆ ಜಾಬ್ ವರ್ಕಿಗೆ ಕಳುಹಿಸಿದ ಕಚ್ಚಾವಸ್ತು ಒಂದು ವರ್ಷದೊಳಗೆ ಹಿಂದಿರುಗಬೇಕು, ಇಲ್ಲವೇ ಅಲ್ಲಿಂದಲೇ ಪೂರೈಕೆಯಾಗಬೇಕು. ತಪ್ಪಿದರೆ ಕಳುಹಿಸಿದ ದಿನವೇ ಮಾರಾಟವಾಯಿತೆಂದು ಪರಿಗಣಿತವಾಗುತ್ತದೆ. ಆದ್ದರಿಂದ ರವಾನೆ ಚೀಟಿಯ ಮೇಲೆ ಹಾಳೆಗಳ ಸಂಖ್ಯೆಯೊಂದೇ ಅಲ್ಲದೆ ತೂಕವೂ ಇರಲಿ. ಕತ್ತರಿಸಿ ಉಳಿದ ಜಾಲರಿಯಂತಹ ತಗಡು ಯಾರದು ಎಂಬುದು ಇಲ್ಲಿನ ನಿತ್ಯದ ತಕರಾರು. ಕಾಯಿದೆಯ ಪ್ರಕಾರ ಆ ಗುಜರಿಯನ್ನು ಜಾಬ್ ವರ್ಕರ್ ನೋಂದಾಯಿತನಾಗಿದ್ದರೆ ತಾನೇ ತೆರಿಗೆ ತೆತ್ತು ಮಾರಬಹುದು. ನೋಂದಣಿ ಇಲ್ಲದಿದ್ದರೆ ಮಾರಾಟದ ಹೊಣೆ ತಗಡಿನ ಮಾಲೀಕನದು. ‘ಗುಜರಿ ನೀನೇ ಇಟ್ಟುಕೋ, ಕತ್ತರಿಸುವ ದರ ಕಡಿಮೆ ಮಾಡು’ ಎಂಬ ಬಾಯಿಮಾತಿನ ಒಪ್ಪಂದ ಬಹಳ ಕಡೆ ಇದೆ. ಹಾಗೆ ಬಿಟ್ಟುಕೊಟ್ಟ ಗುಜರಿಯೂ ಪ್ರತಿಫಲದ ಒಂದು ಭಾಗವೇ ಎಂಬುದನ್ನು ಮರೆಯಬಾರದು. ಅದನ್ನು ಬಿಲ್ಲಿನಲ್ಲಿ ತೋರಿಸುವುದು ಇಬ್ಬರಿಗೂ ಕ್ಷೇಮ. 12 ಹಾಳೆಯ ಕೆಲಸಕ್ಕೆ 14 ಹಾಳೆ ಬೇಕೆಂದು ಜಾಬ್ ವರ್ಕರ್ ಹೇಳಿದರೆ ಪ್ರಶ್ನಿಸಬಲ್ಲವನು ಡೆವಲಪ್‌ಮೆಂಟ್ ಬಲ್ಲ ನಿಮ್ಮ ಕೆಲಸಗಾರನೇ, ಗುಮಾಸ್ತನಲ್ಲ.

ತಯಾರಿಕೆಯಲ್ಲಿ ಸಹಜವಾಗಿ ಆಗುವ ನಷ್ಟಕ್ಕೆ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಿಲ್ಲವೆಂದು 2021ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಆದರೆ ‘ಸಹಜ’ ಎಷ್ಟೆಂದು ಅಧಿಕಾರಿಗಳು ಕೇಳಿದಾಗ ತೋರಿಸಲು ಮೇಲಿನ ಚೀಟಿಗಳೇ ಆಧಾರ. ಲೋಹದ ಗುಜರಿಯ ವ್ಯಾಪಾರಿಗಳಿಗೂ ಒಂದು ಮಾತು: 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದವರಿಂದ ನೋಂದಾಯಿತರು ಕೊಂಡ ಲೋಹದ ಗುಜರಿಯ ಮೇಲಿನ ತೆರಿಗೆಯನ್ನು ಕೊಂಡವರೇ ಕಟ್ಟಬೇಕಾಗಿದೆ, ಮಾರುವವರೂ ಕೊಳ್ಳುವವರೂ ನೋಂದಾಯಿತರಾಗಿದ್ದು, ಒಪ್ಪಂದದ ಮೌಲ್ಯ ಎರಡೂವರೆ ಲಕ್ಷ ಮೀರಿದಲ್ಲಿ ಶೇ. 2ರಷ್ಟು ಮೂಲದಲ್ಲಿ ಕಡಿತ ಮಾಡುವ ನಿಯಮವೂ ಅಂದೇ ಜಾರಿಗೆ ಬಂದಿತು.

ಲೆಕ್ಕದ ನಡುವೆ ಬೆರಳಿನ ಮಾತನ್ನೂ ಆಡಬೇಕು. ಕಿಲೋ ದರದಲ್ಲಿ ಕೆಲಸ ಹಿಡಿದ ಮಾಲೀಕರು ಕೂಲಿಯನ್ನೂ ಕಿಲೋ ಲೆಕ್ಕದಲ್ಲೇ ಕೊಡುವುದುಂಟು. ಆಗ ವೇಗವೇ ಸಂಪಾದನೆ. ಪ್ರೆಸ್ಸಿನ ರಕ್ಷಣಾ ಕವಚ ಅಡ್ಡಿಯೆನಿಸಿ ಮೂಲೆ ಸೇರುತ್ತದೆ. 1923ರ ಪರಿಹಾರ ಕಾಯಿದೆಯ ಅನುಸೂಚಿಯಲ್ಲಿ ಹೆಬ್ಬೆರಳು ಪೂರ್ತಿ ಹೋದರೆ ಗಳಿಕೆಯ ಸಾಮರ್ಥ್ಯದ ನಷ್ಟ ಶೇ. 30, ತೋರುಬೆರಳು ಹೋದರೆ ಶೇ. 14 ಎಂದು ನಮೂದಿಸಲಾಗಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಲ್ಲಿದೆ. ಗೆರೆ ಎಳೆಯುವ ಮುಳ್ಳನ್ನು ಹಿಡಿಯುವುದು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಎಂಬುದನ್ನು ಬಲ್ಲವರಿಗೆ ಈ ಶೇಕಡಾವಾರು ಬಹಳ ಕಡಿಮೆಯೆಂದೇ ಅನ್ನಿಸುತ್ತದೆ.

ಹೊಸಬರನ್ನು ತಯಾರು ಮಾಡಿಕೊಳ್ಳುವ ಮಾರ್ಗವೂ ಇದೆ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಶೀಟ್ ಮೆಟಲ್ ವರ್ಕರ್ ಎಂಬ ಒಂದು ವರ್ಷದ ವೃತ್ತಿ ತರಬೇತಿಯಿದೆ. 2019ರಲ್ಲಿ ತಿದ್ದುಪಡಿಯಾದ ಶಿಶಿಕ್ಷು ನಿಯಮಗಳಂತೆ 30 ಅಥವಾ ಹೆಚ್ಚು ಕೆಲಸಗಾರರಿರುವ ಘಟಕ ಶಿಶಿಕ್ಷುಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿರುವ ಘಟಕಕ್ಕೆ ಅದು ಐಚ್ಛಿಕ. ಬಂದ ಹುಡುಗನನ್ನು ಹಾಳೆ ಹೊರಲು ಹಚ್ಚದೆ ಆರು ತಿಂಗಳಾದರೂ ಗುರುತು ಹಾಕುವವರ ಪಕ್ಕದಲ್ಲಿ ನಿಲ್ಲಿಸಬೇಕು, ಮತ್ತು ಜೇಬಿನ ಪುಸ್ತಕದ ಅಂಕಿಗಳು ಘಟಕದ ದಾಖಲೆ ಪುಸ್ತಕಕ್ಕೂ ಇಳಿಯಬೇಕು. ಹಾಗೆ ಬರೆದುಕೊಡುವ ಹಿರಿಯರಿಗೆ ಪ್ರತ್ಯೇಕ ಗೌರವಧನ ಕೊಡುವುದು ನ್ಯಾಯ. ಅದು ಅವರ ಜೀವಮಾನದ ಸಂಪಾದನೆ. ಪುಕ್ಕಟೆ ಕೇಳುವ ಹಕ್ಕು ನಮಗಿಲ್ಲ.

ಕಡೆಯದಾಗಿ ವರ್ಷಾಂತ್ಯದ ದಾಸ್ತಾನು. ಮಾರ್ಚ್ 31ರಂದು ಶೆಡ್ಡಿನ ಮೂಲೆಯಲ್ಲಿರುವ ತುಂಡು ತಗಡುಗಳನ್ನೆಲ್ಲ ಒಂದೇ ರಾಶಿಯಾಗಿ ತೂಗಿ ‘ಗುಜರಿ’ ಎಂದು ಬರೆಯುವುದು ವಾಡಿಕೆ. ಮರುಬಳಕೆಗೆ ಬರುವ ತುಂಡನ್ನು ಕಚ್ಚಾವಸ್ತುವಾಗಿಯೇ ಎಣಿಸಿ ಬೆಲೆ ಕಟ್ಟಬೇಕು. ಮಾರಲಿಕ್ಕಷ್ಟೇ ಯೋಗ್ಯವಾದುದನ್ನು ಮಾರಿದರೆ ಬರಬಹುದಾದ ಬೆಲೆಗೆ ತೋರಿಸಬೇಕು. ಮಾಮೂಲಿಗಿಂತ ಹೆಚ್ಚಾಗಿ ಹಾಳಾದ ತಗಡಿನ ವೆಚ್ಚವನ್ನು ಎರಡನೇ ಲೆಕ್ಕಪತ್ರ ಮಾನದಂಡದ ಪ್ರಕಾರ ದಾಸ್ತಾನಿನ ಬೆಲೆಗೆ ಸೇರಿಸದೆ ಆ ವರ್ಷದ ವೆಚ್ಚವಾಗಿಯೇ ಬರೆಯಬೇಕು. ಎಣಿಕೆಯ ದಿನ ಗುಮಾಸ್ತರೊಬ್ಬರನ್ನೇ ಕಳುಹಿಸದೆ ಗುರುತು ಹಾಕುವ ಕೆಲಸಗಾರರನ್ನೂ ಜೊತೆಗೆ ನಿಲ್ಲಿಸಿಕೊಳ್ಳಿರಿ. 420 x 410ರ ಒಂದು ತುಂಡಿನಿಂದ ಮುಂದಿನ ವಾರ ಯಾವ ಪೆಟ್ಟಿಗೆಯ ಬಾಗಿಲು ಹುಟ್ಟೀತೆಂಬುದನ್ನು ಆ ರಾಶಿಯ ಮುಂದೆ ನಿಂತು ಹೇಳಬಲ್ಲವರು ಅವರೊಬ್ಬರೇ.